ಬಾ ಅಂದರೆ ಹೊಟ್ಟೆನೋವು

ಕಳೆದ ಗುರುವಾರ ಸಂಜೆ ಆಫೀಸಿನಿಂದ ಬಂದವನೇ, ದಿನದಂತೆ ಕೂಗಿದೆ: "ಸುಮಾ, ಬಾ! ಸ್ಲೇಟು ತಗೊಂಡು ಬಾ!"

ಏಳು ವರ್ಷದ ಮಗಳು ಬರಲಿಲ್ಲ. ಒಳಗಿರಲಿಲ್ಲ. ಹಿತ್ತಲಲ್ಲೂ ಇರಲಿಲ್ಲ.

ಗುಜರಾತಿನ ಉಧ್ನಾದಲ್ಲಿರುವ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹಿಂದೆಯೇ ಹಳಿ. ಇಂಜಿನ್ನುಗಳು ಹಿಂದೆ ಮುಂದೆ ಓಡಾಡುತ್ತಲೇ ಇರುತ್ತವೆ. ಬರಿಗಾಲಲ್ಲಿ ಅತ್ತ ಓಡಿದೆ. ಜಲ್ಲಿಯ ಮೇಲೆ ನಿಂತು ಹಳಿಯುದ್ದಕ್ಕೂ ಎರಡೂ ಕಡೆ ನೋಡಿದೆ. (ಭಯ ಏನೆಂದು ನನಗೆ ಗೊತ್ತು ಅಂದುಕೊಂಡಿದ್ದೆ. ಗೊತ್ತಿರಲಿಲ್ಲ.)

"ಏನ್ರೀ, ಸಿಕ್ಕಿದ್ಳು! ಬನ್ನಿ ಇಲ್ಲಿ!" ಹೆಂಡತಿಯ ದನಿ.

ಪಕ್ಕದ ಮನೆಯ ಕಾಂತಾಬೆನ್ ಅವರ ಅಡುಗೆಮನೆಯಲ್ಲಿ, ಗೋಧಿ ಡಬ್ಬದ ಹಿಂದೆ ಕೂತಿದ್ದಳು. ಹೊಟ್ಟೆ ಹಿಡಿದುಕೊಂಡು. ನನ್ನನ್ನು ಕಂಡದ್ದೇ ಇನ್ನಷ್ಟು ಮುದುಡಿದಳು.

ಕಾಂತಾಬೆನ್ ತಮ್ಮ ಹಿಂದಿಯಲ್ಲಿ ಶುರು ಮಾಡಿದರು: "ದಿನಾ ಸಂಜೆ ನೀವು 'ಬಾ, ಬಾ' ಅಂತ ಕೂಗ್ತೀರಿ. ಈ ಭಾಯಿಗೆ ತಾಯಿ ಅಂದ್ರೆ ಎಷ್ಟು ಪ್ರೀತಿ ಅಂದ್ಕೊಂಡಿದ್ದೆ!" (ಗುಜರಾತಿಯಲ್ಲಿ ಬಾ ಎಂದರೆ ಅಮ್ಮ.) "ಇವತ್ತು ಹುಡುಗೀನ ಕೇಳಿದ್ರೆ, ಬಾ ಅಂದ್ರೆ ಪೇಟ್ ಮಾಂ ದುಖೇ ಛೇ ಅಂತಾಳೆ. ಹೊಟ್ಟೆ ನೋಯುತ್ತಂತೆ! ಅರೇ ಭಾಯಿ, ಮಗೂನ ಕರೀತೀರೋ, ಕಳ್ಳನ್ನ ಹಿಡೀತೀರೋ?"

ಎರಡು ತಿಂಗಳಿಂದ ಇದೇ ಹೊಟ್ಟೆನೋವು. ಡಾಕ್ಟರು ಒತ್ತಿ ನೋಡಿ, ಏನೂ ಇಲ್ಲ ಎಂದಿದ್ದರು. ಭಾನುವಾರ ನೋವಿರುತ್ತಿರಲಿಲ್ಲ. ಭಾನುವಾರ ಸ್ಲೇಟಿಗೂ ಮಗ್ಗಿಗೂ ರಜೆ. ಇಷ್ಟು ಲೆಕ್ಕ ನನಗೆ ಹೊಳೆಯಬಾರದಿತ್ತೇ?

ನಾನು ಹೊಡೆಯುವವನಲ್ಲ. ಆದರೆ ಮಗ್ಗಿ ತಪ್ಪಿದರೆ ನನ್ನ ದನಿ ಏನಾಗುತ್ತದೆಂದು ನನಗೇ ಕೇಳಿಸುವುದಿಲ್ಲ.

ನಮ್ಮ ವಂಶಕ್ಕೇ ನಾನು ಮೊದಲ ಬಿ.ಎ. (ಹಿಂದೆಯೂ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ. ಸುಮ್ಮನೆ ಬಂದದ್ದಲ್ಲ ಅದು.) ನನ್ನ ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ಓದುವಾಗ ಪಕ್ಕದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ತಪ್ಪು ಓದಿದರೂ, "ಹೂಂ ಮಗಾ, ಮುಂದಕ್ ಓದು" ಎನ್ನುತ್ತಿದ್ದ. ಪರೀಕ್ಷೆಯ ಕೋಣೆಗೆ ನಾನು ಆ "ಹೂಂ" ಹಿಡಿದುಕೊಂಡೇ ಹೋದದ್ದು. ಓದು ಬಾರದವನು ಕೊಟ್ಟದ್ದನ್ನು ಓದಿದ ನಾನು ಯಾಕೆ ಕೊಡಲಿಲ್ಲ?

ಈಗ ಸ್ಲೇಟು ಕೇಳುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂರುತ್ತೇನೆ. ನಿನ್ನೆ ಅವಳಾಗಿಯೇ ಏಳರ ಮಗ್ಗಿ ಶುರು ಮಾಡಿದಳು. ಏಳೇಳಕ್ಕೆ ತಡವರಿಸಿ, ನನ್ನ ಮುಖ ನೋಡಿದಳು. ಕೈ ಹಿಡಿದುಕೊಂಡೆ. ತಣ್ಣಗೆ ಕೊರೆಯುತ್ತಿತ್ತು.

ನಲವತ್ತೊಂಬತ್ತು ಎಂದು ಹೇಳಿಕೊಡಬಲ್ಲೆ. ಹೆದರಬೇಡ ಎಂಬುದನ್ನು ಇದೇ ಬಾಯಿಂದ ಹೇಗೆ ಹೇಳಿಕೊಡಲಿ?