ಮಗ್ದಲದ ಮರಿಯಳ ಮುಖ

ಇವತ್ತು ಕರೂರಿನಲ್ಲಿ ಶೆಡ್ಡೊಂದಕ್ಕೆ ಬಣ್ಣ ಬಳಿಯುತ್ತಿದ್ದರು. ಟರ್ಪಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹರಿಹರದ ಚರ್ಚಿನೊಳಗೆ ಅವ್ವನ ಸೆರಗು ಹಿಡಿದು ನಿಂತಿದ್ದೆ.

ಅಪ್ಪ ತೀರಿಕೊಂಡ ವರ್ಷ ಅದು. ಬೋರ್ಡು ಬರೆಯುವ ರಶೀದ್ ಚಾಚಾ ಚರ್ಚಿನ ಗೋಡೆಯ ಮೇಲೆ ಚಿತ್ರ ಬಿಡಿಸುತ್ತಿದ್ದರು. ಸಮಾಧಿಯ ಬಳಿ ಅಳುತ್ತಿದ್ದ ಶಿಷ್ಯೆ ಮಗ್ದಲದ ಮರಿಯಳನ್ನು, ಸಾವಿನಿಂದ ಎದ್ದುಬಂದ ಯೇಸು ಹಿಂದಿನಿಂದ ಹೆಸರು ಹಿಡಿದು ಕರೆಯುವ ಗಳಿಗೆ. ಚಿತ್ರದಲ್ಲಿ ಮರಿಯಳು ನಗುತ್ತಿದ್ದಳು.

"ಮುಖ ಯಾಕೋ ಸರಿ ಬರವಲ್ದು, ಅಕ್ಕಾರೆ," ಎಂದರು ಚಾಚಾ.

ನೆಲ ಒರೆಸುತ್ತಿದ್ದ ಅವ್ವ ಎದ್ದು ಬಹಳ ಹೊತ್ತು ನೋಡಿದಳು. "ನಮ್ಮನೆಯವ್ರು ಈಗ ಬಂದು ನನ್ನ ಕರದ್ರೆ, ಮೊದ್ಲು ನಗು ಬರಲ್ರಿ ಅಣ್ಣಾ. ಕೈಕಾಲು ನಡುಗ್ತಾವೆ. ತಿರುಗಿದ್ರೆ ಅವ್ರು ಇರ್ತಾರೋ ಇಲ್ವೋ ಅಂತ ಹೆದರಿಕೆ ಆಗತೈತೆ."

ಚಾಚಾ ಟರ್ಪಂಟೈನ್ ಅದ್ದಿದ ಬಟ್ಟೆಯಿಂದ ಆ ನಗುವನ್ನು ಒರೆಸಿ ಮುಖವನ್ನು ಹೊಸದಾಗಿ ಬರೆದರು.

ಈಸ್ಟರ್ ದಿನ ಎಲ್ಲರೂ ಹೋದ ಮೇಲೆ ಅವ್ವ ಆ ಚಿತ್ರದ ಮುಂದೆ ಕೂತು ಜೋರಾಗಿ ಅತ್ತಳು. ಅಪ್ಪನನ್ನು ಮಣ್ಣು ಮಾಡಿದ ದಿನವೂ ಅವಳು ಅತ್ತಿರಲಿಲ್ಲ.

ಈಗ ಅವ್ವನೂ ಇಲ್ಲ. ಹೋದ ಈಸ್ಟರ್‌ಗೆ ನನ್ನ ಮಗಳನ್ನು ಆ ಚಿತ್ರದ ಮುಂದೆ ನಿಲ್ಲಿಸಿ, ಅವಳ ಅಜ್ಜಿ ಹೇಳಿದ್ದನ್ನು ಹೇಳಿದೆ. ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.