ಹಗೇವಿಗೆ ಇಳಿಸುವ ದೀಪ

ಗುರುವಾರ ಬೆಳಿಗ್ಗೆ ಬಳ್ಳಾರಿಯಿಂದ ಗುಂತಕಲ್ಲಿಗೆ ಹೊರಟ ರೈಲಿನಲ್ಲಿ ಮೂರನೆಯ ತರಗತಿಯ ಡಬ್ಬಿ ಕಿಕ್ಕಿರಿದಿತ್ತು. ಆದರೂ ನನ್ನ ಪಕ್ಕದ ಜಾಗ ಖಾಲಿ. ನಾನು ಕಾಕಿ ಅಂಗಿ ತೊಟ್ಟಿದ್ದೆ, ತೊಡೆಯ ಮೇಲೆ ಸರಕಾರದ ಮುದ್ರೆಯಿದ್ದ ಚರ್ಮದ ಚೀಲವಿತ್ತು. ಯುದ್ಧದ ಕಾಲ. ಇಂಥವನ ಪಕ್ಕ ಕೂತರೆ ಸೈನ್ಯಕ್ಕೆ ಹೆಸರು ಬರೆದುಕೊಂಡಾನೆಂದೋ, ಮನೆಯಲ್ಲಿ ಜೋಳ ಎಷ್ಟಿದೆ ಎಂದು ಕೇಳಿಯಾನೆಂದೋ ಜನಕ್ಕೆ ಹೆದರಿಕೆ. ಕೂರಲು ಬಂದ ಮುದುಕನೊಬ್ಬ ಚೀಲವನ್ನು ಕಂಡವನೇ ನಿಂತೇ ಬರುತ್ತೇನೆಂದು ಬಾಗಿಲ ಕಡೆ ಸರಿದ.

ನಾನು ಘಟ್ಟದ ಕೆಳಗಿನವನು, ಉಡುಪಿಯ ಕಡಲ ದಂಡೆಯವನು. ಮದರಾಸು ಸರಕಾರದ ನೌಕರಿ ನನ್ನನ್ನು ಬಳ್ಳಾರಿಗೆ ತಂದು ಹಾಕಿ ಒಂದು ವರ್ಷವಾಗಿತ್ತು. ಆ ವರ್ಷದಲ್ಲಿ ನನ್ನ ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ. ಕಚೇರಿಯಲ್ಲಿ ನಾನು ‘ಪ್ಲಾನ್ ಗುಮಾಸ್ತ’. ನನ್ನವನೆಂದು ಉಳಿದವನು ತಮ್ಮನೊಬ್ಬ. ಅವನು ಸೈನ್ಯದ ಉಗ್ರಾಣದಲ್ಲಿ ಲೆಕ್ಕ ಬರೆಯಲು ಸೇರಿ ಹಡಗು ಹತ್ತಿದ್ದ. ಮರಳುಗಾಡಿನ ಯಾವುದೋ ಬಿಡಾರದಲ್ಲಿದ್ದಾನೆಂಬುದಷ್ಟೇ ಗೊತ್ತು. ವಿಳಾಸವೆಂದರೆ ಒಂದು ನಂಬರು, ಅಷ್ಟೆ. ಆ ನಂಬರಿಗೆ ಹತ್ತು ತಿಂಗಳಿಂದ ಬರೆಯುತ್ತಿದ್ದೆ. ಉತ್ತರ ಬಂದಿರಲಿಲ್ಲ.

ನನ್ನ ಕೆಲಸವೂ ಅಂಥದೇ ಒಂದು ಬಿಡಾರದ ಮೇಲಿತ್ತು. ಚಿಪ್ಪಗಿರಿಯ ಆಚೆ, ಸಮುದ್ರ ದಾಟಿ ಬಂದ ಬಿಳಿಯ ಸೈನಿಕರು ಡೇರೆ ಹಾಕಿ ಮದ್ದುಗುಂಡಿನ ಕೊಟ್ಟಡಿ ಕಟ್ಟಿದ್ದರು. ಪಕ್ಕದ ಹಳ್ಳಿಯ ಹೆಸರನ್ನು ಬರೆಯಕೂಡದೆಂದು ಆಗ ಅಪ್ಪಣೆಯಾಗಿತ್ತು. ಯುದ್ಧ ಮುಗಿದರೂ ಬರೆಯಲು ಕೈ ಏಳುತ್ತಿಲ್ಲ, ಹಾಗೇ ಇರಲಿ. ಕೊಟ್ಟಡಿಗೆ ಬೆಂಕಿ ಬಿದ್ದರೆ, ವಿಮಾನ ದಾಳಿ ಆದರೆ, ಕಾಲರಾ ಹಬ್ಬಿದರೆ, ನೀರು ನಿಂತರೆ ಯಾರು ಏನು ಮಾಡಬೇಕು, ಯಾರು ಎಲ್ಲಿಗೆ ಓಡಬೇಕು ಎಂಬುದನ್ನೆಲ್ಲ ನೋಡಿ ಬರೆದುಕೊಡುವುದು ನನ್ನ ಪಾಲಿನದು. ನಮೂನೆಯ ಕಾಗದದಲ್ಲಿ ಸೈನಿಕರಿಗೆ ಹದಿನಾಲ್ಕು ಪುಟಗಳಿದ್ದವು. ಕೊನೆಯಲ್ಲಿ ‘ಸುತ್ತಲಿನ ಜನ’ ಎಂದು ಒಂದು ಸಾಲು, ಅದರ ಕೆಳಗೆ ಬರೆಯಲು ಎರಡು ಬೆರಳಗಲ ಜಾಗ.

ಗುಂತಕಲ್ಲಿನಲ್ಲಿ ರೈಲು ಬದಲಿಸಿ ನಂಚರ್ಲದಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಅಲ್ಲಿಂದ ಐದು ಮೈಲಿ ಎತ್ತಿನ ಗಾಡಿ, ಬಾಡಿಗೆ ಎಂಟಾಣೆ. ದಾರಿಯ ಎರಡೂ ಬದಿಗೆ ಕಪ್ಪು ಹೊಲ. ಹತ್ತಿ ಬಿಡಿಸಿ ಮುಗಿದಿತ್ತು, ಒಣ ಕಟ್ಟಿಗೆ ಮಾತ್ರ ನಿಂತಿತ್ತು, ನೆಲ ಅಂಗೈಯಗಲ ಬಿರಿದಿತ್ತು. ನಮ್ಮೂರಲ್ಲಿ ಎತ್ತ ನೋಡಿದರೂ ಏನಾದರೊಂದು ಕಣ್ಣಿಗೆ ಅಡ್ಡ ಬರುತ್ತದೆ. ಇಲ್ಲಿ ಕಣ್ಣು ಹೋದಷ್ಟು ದೂರಕ್ಕೂ ಏನೂ ಅಡ್ಡ ಬರಲಿಲ್ಲ. ಗಾಡಿಯವನನ್ನು ಮಾತಿಗೆಳೆಯಲು ನೋಡಿದೆ. ಅವನು ನನ್ನ ಪುಸ್ತಕದ ಕನ್ನಡ ಕೇಳಿ, “ಏಮೋ ಸಾಮಿ, ನಿಮ್ ಮಾತು ನನಗ ಅರ್ಧಾನೇ ತಿಳಿತೈತಿ” ಎಂದು ಎತ್ತುಗಳ ಜೊತೆ ತೆಲುಗಿನಲ್ಲಿ ಮಾತಾಡಿಕೊಂಡ. ಎತ್ತುಗಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಬಿಡಾರದಲ್ಲಿ ಕ್ಯಾಪ್ಟನ್ ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದರು. ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯಲು ಹ್ಯಾರಿ ಎಂಬ ಸಿಪಾಯಿಯನ್ನು ಕೊಟ್ಟರು. ಇಪ್ಪತ್ತೈದು ದಾಟಿದ, ಮೂಗು ಬಿಸಿಲಿಗೆ ಸುಲಿದುಹೋದ ಮನುಷ್ಯ. ಬಾವಿಯ ಅಳತೆ ಮುಗಿದ ಮೇಲೆ ಅವನು, “ನಿಮ್ಮ ಊರು ಸಮುದ್ರದ ಹತ್ತಿರವೇ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೌದೆಂದೆ. ಅವನದೂ ಕಡಲ ದಂಡೆಯ ಊರು, ತಂದೆ ಮೀನುಗಾರನಂತೆ. ಬಂಗಡೆಯನ್ನು ಅವರು ಹೇಗೆ ಸುಡುತ್ತಾರೆಂದು ಅವನು ಹೇಳಿದ, ನಾವು ಹೇಗೆಂದು ನಾನು ಹೇಳಿದೆ. “ಮೂರು ತಿಂಗಳಾಯಿತು, ಮನೆಯಿಂದ ಕಾಗದವಿಲ್ಲ” ಎಂದ. ನನ್ನದು ಹತ್ತು ತಿಂಗಳ ಲೆಕ್ಕವೆಂದೆ. ಆ ವರ್ಷದಲ್ಲಿ ನಾನು ಮನಸ್ಸು ಬಿಚ್ಚಿ ಆಡಿದ ಮೊದಲ ಮಾತು ಅದೇ ಇರಬೇಕು.

ಶುಕ್ರವಾರ ಹಳ್ಳಿಯ ಸರದಿ. ಕೊಟ್ಟಡಿಯಿಂದ ಕೂಗಳತೆಯಲ್ಲಿ ನಲವತ್ತು ಮನೆ. ಸ್ಫೋಟವಾದರೆ ಇವರನ್ನು ಎಲ್ಲಿ ಅಡಗಿಸುವುದು? ಕಂದಕ ತೋಡಲು ಆಳಿಲ್ಲ, ದುಡ್ಡಿಲ್ಲ. ಯೋಚಿಸುತ್ತಾ ಓಣಿಯಲ್ಲಿ ನಡೆಯುವಾಗ ಮನೆಗಳ ಮುಂದೆ ಮಣ್ಣು ಮೆತ್ತಿದ ಚಪ್ಪಡಿಗಳು ಕಂಡವು. ಇವೇನೆಂದು ಕೇಳಿದೆ. ಹಗೇವು ಎಂದರು, ಜೋಳ ತುಂಬಿಡುವ ನೆಲದೊಳಗಿನ ಕಣಜ. ಆ ವರ್ಷ ಜೋಳವೆಲ್ಲ ಸರಕಾರದ ಪಾಲಾಗಿ ಹದಿಮೂರು ಹಗೇವು ಬರಿದಾಗಿದ್ದವು. ನನ್ನ ಕಡೆ ಇಂಥದ್ದನ್ನು ಕಂಡವರಿಲ್ಲ. ನಮ್ಮಲ್ಲಿ ನೆಲ ಅಗೆದರೆ ನೀರು ಬರುತ್ತದೆ. ತೋಡಿ ಇಟ್ಟ ಆಶ್ರಯ, ಅದೂ ಬಿಟ್ಟಿ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೊದಲನೆಯದು ಸಿದ್ದಮ್ಮ ಎಂಬ ಮುದುಕಿಯದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಆಳು ಹಚ್ಚಿ ಚಪ್ಪಡಿ ಎತ್ತಿಸಿದಳು. ಬಾಯಿ ಒಬ್ಬ ಇಳಿಯುವಷ್ಟು, ಒಳಗೆ ಕೋಣೆಯಷ್ಟು ಅಗಲ, ಆಳ ಎರಡಾಳು. ನಾನು ಇಳಿದು ನೋಡಬೇಕೆಂದಿದ್ದೆ. ಅಷ್ಟರಲ್ಲಿ ಆಕೆ ಮನೆಯೊಳಗಿನಿಂದ ಹಗ್ಗ ಕಟ್ಟಿದ ಗಡಿಗೆಯೊಂದನ್ನು ತಂದಳು, ಅದರಲ್ಲಿ ಎಣ್ಣೆದೀಪ ಉರಿಯುತ್ತಿತ್ತು.

“ತಡೀರಿ ಸಾಮಿ, ಮದ್ಲ ದೀಪ ಇಳಿಸ್ತೀನಿ” ಎಂದಳು.

ಶುಕ್ರವಾರ, ದೀಪ, ಮುದುಕಿ. ಪೂಜೆ ಎಂದುಕೊಂಡೆ. ಕೈಮುಗಿದು, “ಪೂಜೆ ಆಮೇಲೆ ಮಾಡಿಯಮ್ಮ, ನನಗೆ ಇನ್ನೂ ಹನ್ನೆರಡು ನೋಡಬೇಕಿದೆ” ಎಂದೆ. ಮೇಲಿನಿಂದಲೇ ಬಿದಿರಿನಿಂದ ಅಳೆದುಕೊಂಡು, ಚಪ್ಪಡಿ ಮತ್ತೆ ಮುಚ್ಚಿಸಿ ಮುಂದಕ್ಕೆ ಹೋದೆ. ಆಕೆ ದೀಪ ಹಿಡಿದುಕೊಂಡು ನಿಂತೇ ಇದ್ದಳು.

ಮಧ್ಯಾಹ್ನ ಆಕೆಯೇ ಕರೆದು ಊಟಕ್ಕಿಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಕುರಿಮಂದೆಯನ್ನು ಆಕೆಯ ಹೊಲದಲ್ಲಿ ತಂಗಿಸಿದ್ದ ಬೀರಪ್ಪ ಎಂಬ ಕುರುಬನೂ ಕಂಬಳಿ ಹಾಸಿ ಅಂಗಳದಲ್ಲಿ ಉಣ್ಣುತ್ತಿದ್ದ. ನಿಮಗ್ಯಾರು ಅದಾರ ಎಂದು ಸಿದ್ದಮ್ಮ ಕೇಳಿದಾಗ ತಮ್ಮನ ವಿಷಯ ಹೇಳಿದೆ. ಆಕೆ ಇನ್ನೊಂದು ರೊಟ್ಟಿ ಹಾಕಿದಳು. ಅದನ್ನೂ ತಿಂದೆ.

ಪ್ಲಾನು ಬರೆದು ಮುಗಿಸಲು ಎರಡು ದಿನ ಹಿಡಿಯಿತು. ‘ಸುತ್ತಲಿನ ಜನ’ ಎಂಬಲ್ಲಿ, ಸೈರನ್ ಕೇಳಿದೊಡನೆ ಹದಿಮೂರು ಹಗೇವುಗಳಿಗೆ ಇಳಿಯತಕ್ಕದ್ದು ಎಂದು ಬರೆದೆ. ದನಕರು ಬಿದ್ದಾವೆಂದು, ಸೈರನ್ ಆಗುವ ತನಕ ಮುಚ್ಚಳ ತೆಗೆಯಕೂಡದೆಂಬ ಸಾಲನ್ನೂ ಸೇರಿಸಿದೆ. ಇಷ್ಟು ಸೂಕ್ಷ್ಮ ಯಾರಿಗೆ ಹೊಳೆದೀತು ಎಂದು ಹಿಗ್ಗಿದೆ. ಕ್ಯಾಪ್ಟನ್ ಓದಿ ಮೊದಲ ಬಾರಿ ಕುರ್ಚಿ ತೋರಿಸಿದರು. ಬರುವ ಗುರುವಾರ ಹತ್ತು ಗಂಟೆಗೆ ಸೈರನ್ ಕೂಗಿಸಿ, ಊರವರನ್ನು ಇಳಿಸಿ ನೋಡುವ ಕವಾಯತು ಎಂದು ಗೊತ್ತುಮಾಡಿದರು.

ಸೋಮವಾರ ಆದವಾನಿಗೆ ಬಂದೆ. ಅಲ್ಲಿಯ ಕಚೇರಿಯಲ್ಲಿ ಪ್ರತಿಗಳನ್ನು ಟೈಪು ಮಾಡಿಸಬೇಕಿತ್ತು. ಊರೆಲ್ಲ ಹತ್ತಿಯ ಗಾಡಿಗಳು, ಬೀಜ ಬಿಡಿಸುವ ಜಿನ್ನು ಯಂತ್ರಗಳ ಸದ್ದು, ಗಾಳಿಯಲ್ಲಿ ಹತ್ತಿಯ ಎಳೆ. ಹಿಂದೆ ಬೆಟ್ಟ, ಮೇಲೆ ಕೋಟೆ. ಸಂಜೆ ಒಬ್ಬನೇ ಹತ್ತಿ ಕೂತೆ. ಕೆಳಗೆ ಸಾವಿರ ಮನೆಗಳಲ್ಲಿ ಒಲೆಯ ಹೊಗೆ ಏಳುತ್ತಿತ್ತು. ಆ ಒಂದು ಹೊಗೆಯೂ ನನಗಾಗಿ ಏಳುತ್ತಿಲ್ಲ ಎಂದು ಅನಿಸಿ, ಕತ್ತಲಾಗುವ ಮೊದಲೇ ಇಳಿದುಬಂದೆ.

ನಾನು ಇಳಿದುಕೊಂಡ ಕೋಣೆ ಹತ್ತಿ ವ್ಯಾಪಾರಿ ಚನ್ನಬಸಪ್ಪನವರದು. ಬುಧವಾರ ಅವರು ಊಟಕ್ಕೆ ಕರೆದರು. ಏನು ಕೆಲಸ ಎಂದು ಕೇಳಿದಾಗ, ಗುಟ್ಟೆಂಬುದನ್ನು ಮರೆತು ಹಗೇವಿನ ಉಪಾಯವನ್ನು ಬಣ್ಣಿಸಿ ಹೇಳಿದೆ. ಅವರು ತುತ್ತನ್ನು ತಟ್ಟೆಗೆ ಇಳಿಸಿದರು.

“ಹಗೇವು ಎಷ್ಟ್ ದಿನದಿಂದ ಮುಚ್ಚ್ಯಾವು?”

“ಐದಾರು ತಿಂಗಳಾಗಿರಬಹುದು.”

“ಮತ್ತ ದೀಪ ಇಳಿಸೋದು ಬರದೀರಿಲ್ಲೋ?”

“ಯಾವ ದೀಪ?” ಎಂದೆ. ಕೇಳುವಾಗಲೇ ಸಿದ್ದಮ್ಮನ ಕೈಯ ಗಡಿಗೆ ಕಣ್ಣ ಮುಂದೆ ಬಂತು.

“ತಳದಾಗ ಉಳಿದ ಜೋಳ ಕೊಳೆತು ಗಾಳಿ ಕೆಟ್ಟಿರತೈತ್ರಿ. ಬಾಯಿ ತೆಗದು ಒಂದು ದಿನ ಬಿಡಬೇಕು. ಆಮ್ಯಾಲ ದೀಪ ಇಳಿಸಿ ನೋಡಬೇಕು. ದೀಪ ಆರಿತು ಅಂದ್ರ ಇಳದ ಮನಿಷಾನೂ ಆರತಾನ. ನಮ್ಮ ತಾತನ ಕಾಲದಾಗ ಇಬ್ಬರು ಆಳು ಹಂಗೇ ಹೋದ್ರು. ಇದು ಈ ಕಡೆ ಸಣ್ಣ ಕೂಸಿಗೂ ಗೊತ್ತು.”

ಕೈ ತೊಳೆಯದೆ ಎದ್ದೆ. ಬಿಡಾರಕ್ಕೆ ತಂತಿ ಕಳಿಸಲು ನನ್ನ ಮೇಲಧಿಕಾರಿಯ ರುಜು ಬೇಕೆಂದು ಅಂಚೆ ಕಚೇರಿಯಲ್ಲಿ ಹೇಳಿದರು. ಮೇಲಧಿಕಾರಿ ಸರ್ಕೀಟಿನ ಮೇಲೆ ಹೋಗಿದ್ದರು. ಆ ದಿನದ ರೈಲು ಹೋಗಿತ್ತು. ಚನ್ನಬಸಪ್ಪನವರು ಸಮಾಧಾನ ಹೇಳಿದರು: “ಊರ ಮಂದಿ ಇಳಿಯಂಗಿಲ್ಲ ಬಿಡ್ರಿ. ಅವರಿಗೆ ಗೊತ್ತೈತಿ.” ಅದು ನಿಜವೆಂದು ನನಗೂ ಅನಿಸಿತು. ಆದರೆ ಸರಕಾರದ ಅಪ್ಪಣೆ, ಬಂದೂಕು ಹಿಡಿದವರು ಎದುರಿಗೆ, ಇಳಿ ಎಂದರೆ ಎಷ್ಟು ಹೊತ್ತು ನಿಂತಾರು?

ಗುರುವಾರ ನಸುಕಿನ ರೈಲು ಹತ್ತಿದೆ. ಆಸ್ಪರಿಯಲ್ಲಿ ಸೈನ್ಯದ ಗಾಡಿಗೆ ದಾರಿ ಬಿಡಲು ಮುಕ್ಕಾಲು ತಾಸು ನಿಲ್ಲಿಸಿದರು. ಪಕ್ಕದ ಹಳಿಯ ಮೇಲೆ ಹಾದುಹೋದ ಡಬ್ಬಿಗಳ ತುಂಬ ಬಿಳಿಯ ಮುಖಗಳು, ಒಬ್ಬ ನನ್ನತ್ತ ಕೈ ಬೀಸಿದ. ನಂಚರ್ಲದಲ್ಲಿ ಅದೇ ಗಾಡಿಯವನು ಸಿಕ್ಕ. ಈ ಸಲ ನನ್ನ ಮಾತು ಅವನಿಗೆ ಪೂರ್ತಿ ತಿಳಿಯಿತು, ಎತ್ತುಗಳನ್ನು ಓಡಿಸಿದ. ಹಳ್ಳಿಯ ಬೇವಿನಮರ ಕಾಣುವಾಗ ಸೈರನ್ ಕೂಗಿತು. ಗಾಡಿಯಿಂದ ಹಾರಿ ಬಿರುಕು ನೆಲದ ಮೇಲೆ ಓಡಿದೆ. ಎರಡು ಸಲ ಬಿದ್ದೆ.

ನಾನು ಮುಟ್ಟುವಾಗ ಓಣಿಯಲ್ಲಿ ಜನ ಸುತ್ತುಗಟ್ಟಿ ನಿಂತಿದ್ದರು. ಕ್ಯಾಪ್ಟನ್ನರ ಮುಖ ಸುಣ್ಣದ ಹಾಗಿತ್ತು. ಊರವರು ಸೈರನ್ ಕೇಳಿ ಬಂದು ಹಗೇವಿನ ಸುತ್ತ ನಿಂತರಂತೆ, ಇಳಿಯಲಿಲ್ಲವಂತೆ. ಸಿದ್ದಮ್ಮ ದೀಪ ಹಿಡಿದು ಬಂದಳಂತೆ. ಕ್ಯಾಪ್ಟನ್ ಅದನ್ನು ಆರತಿಯೆಂದು ತಿಳಿದು ಟೋಪಿ ತೆಗೆದು ತಲೆಬಾಗಿದರಂತೆ. ಆಮೇಲೆ, ಜನ ಅಂಜುತ್ತಿದ್ದಾರೆ, ಹೇಗೆ ಇಳಿಯುವುದೆಂದು ತೋರಿಸು ಎಂದು ಹ್ಯಾರಿಗೆ ಹೇಳಿದರಂತೆ. ಮುದುಕಿ ಅವನ ತೋಳು ಹಿಡಿದು ಕೂಗಿದಳಂತೆ, ಅವನು ಬಿಡಿಸಿಕೊಂಡು ಇಳಿದು ತಳದಲ್ಲೇ ಕುಸಿದನಂತೆ. ಅಲ್ಲಿ ಎರಡೂ ಭಾಷೆ ಬಲ್ಲವನು ಯಾರೂ ಇರಲಿಲ್ಲ. ಇರಬೇಕಾದವನು ಆಸ್ಪರಿಯಲ್ಲಿ ಮುಕ್ಕಾಲು ತಾಸು ಕಳೆದುಕೊಂಡು ಇನ್ನೂ ಹೊಲದಲ್ಲಿ ಓಡುತ್ತಿದ್ದ.

ಬೀರಪ್ಪ ತನ್ನ ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ ಹಗೇವಿನೊಳಗೆ ಬಿಟ್ಟು ಎತ್ತಿ, ಬಿಟ್ಟು ಎತ್ತಿ, ಗಾಳಿ ಕಲಕುತ್ತಿದ್ದ. ಸಿದ್ದಮ್ಮ ದೀಪ ಇಳಿಸಿದಳು. ಆರಿತು. ಮತ್ತೆ ಕಂಬಳಿ, ಮತ್ತೆ ದೀಪ. ಅದೂ ಆರಿತು. “ಇನ್ನ ತಡಿಯಾಕ ಆಗಂಗಿಲ್ಲಬೇ” ಎಂದು ಬೀರಪ್ಪ ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ತುಂಬಿಕೊಂಡು ಇಳಿದುಬಿಟ್ಟ. ನಾನೂ ಹಗ್ಗಕ್ಕೆ ಕೈ ಕೊಟ್ಟೆ. ನಾನು ಎಣಿಸಿದ ಹದಿಮೂರರಲ್ಲಿ ಇದು ಮೊದಲನೆಯದು, ‘ಎಂಟು ಜನರಿಗೆ ಸಾಕು’ ಎಂದು ಬರೆದದ್ದು.

ಹ್ಯಾರಿಯನ್ನು ಮೊದಲು ಎಳೆದೆವು, ಆಮೇಲೆ ಬೀರಪ್ಪನನ್ನು. ಬೀರಪ್ಪ ಕೆಮ್ಮುತ್ತಾ ನೆಲಕ್ಕೆ ಕೂತ. ಹ್ಯಾರಿಯ ತುಟಿ ನೀಲಿಗಟ್ಟಿತ್ತು. ಬೇವಿನ ನೆರಳಲ್ಲಿ ಮಲಗಿಸಿ ಎದೆ ಒತ್ತಿದರು. ಸಿದ್ದಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿದಳು. ಎಷ್ಟು ಹೊತ್ತೋ ತಿಳಿಯದು. ಕಡೆಗೆ ಅವನು ಉಸಿರೆಳೆದ. ಕಣ್ಣು ತೆರೆದು ಆಕೆಯನ್ನು ನೋಡಿ ತನ್ನ ಭಾಷೆಯಲ್ಲಿ ಅಮ್ಮಾ ಎಂದ. ಆ ಮಾತಿಗೆ ಅಲ್ಲಿ ಯಾರಿಗೂ ನನ್ನ ತರ್ಜುಮೆ ಬೇಕಾಗಲಿಲ್ಲ.

ನನ್ನನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕ್ಯಾಪ್ಟನ್ ಪ್ಲಾನಿನ ಆ ಪುಟವನ್ನು ಹರಿದು ನನ್ನ ಕೈಗೆ ಕೊಟ್ಟು ಹೋದರು. ಕುರ್ಚಿಯ ಮಾತು ಮತ್ತೆ ಬರಲಿಲ್ಲ. ಸಿದ್ದಮ್ಮ ಮಾತ್ರ ಕೇಳಿದಳು: “ಅವತ್ತ ನಿಮ್ಮ ಎದುರಿಗೇ ದೀಪ ತಂದಿದ್ನಲ್ಲಪ್ಪಾ, ಯಾತಕ್ಕ ಅಂತ ಒಂದು ಮಾತ ಕೇಳಲಿಲ್ಲಲ್ಲ?”

“ಪೂಜೆ ಎಂದುಕೊಂಡೆನಮ್ಮಾ. ನೀವಾದರೂ ಹೇಳಬಹುದಿತ್ತು.”

“ರೊಟ್ಟಿ ತಿನ್ನೋ ಮನಿಷಾಗ ಹಗೇವು ಏನಂತ ಹೇಳಿಕೊಡಬೇಕಾ ಅಂದ್ಕೊಂಡೆ. ನಿಮ್ಮ ಕಡೆ ಹಗೇವಾ ಇಲ್ಲಂತ ನನಗೇನ್ ಗೊತ್ತು?”

ಅವಳ ಅಂಗಳದಲ್ಲೇ ಕೂತು ಹೊಸ ಪುಟ ಬರೆದೆ. ಹಗೇವುಗಳ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ಊರ ಪಶ್ಚಿಮದ ಹಳ್ಳದ ಮಗ್ಗುಲು ಎಂದು ಬರೆದೆ. ಆ ಜಾಗ ಹೇಳಿಕೊಟ್ಟವನು ಬೀರಪ್ಪ. ಸಿಡಿಲು ಬಂದಾಗ ಮಂದೆಯನ್ನು ಅಲ್ಲಿಗೇ ಹೊಡೆಯುತ್ತಾನಂತೆ. ಎರಡು ಬೆರಳಗಲದ ಜಾಗ ಸಾಲದೆ ಹಿಂದಿನ ಮಗ್ಗುಲಿಗೂ ಬರೆದೆ.

ಗಾಡಿ ಹತ್ತುವಾಗ ಸಿದ್ದಮ್ಮ ರೊಟ್ಟಿಯ ಗಂಟು ಕೊಟ್ಟಳು. ಗಾಡಿಯ ಹಲಗೆ ಹಿಡಿದು ನಿಂತು ಮೆಲ್ಲಗೆ ಕೇಳಿದಳು: “ಇವತ್ತ ಆ ಸಿಪಾಯಿಗೆ ನಾವಿದ್ವಿ. ನಿಮ್ಮ ತಮ್ಮ ಇರೋ ಕಡೆ ದೀಪ ಇಳಿಸಿ ನೋಡೋರು ಯಾರರ ಅದಾರೇನ್ರಿ?”

ಗೊತ್ತಿಲ್ಲಮ್ಮಾ ಎಂದೆ. ಗಾಡಿ ಹೊರಟಿತು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಆಕೆ ಹಗೇವಿನ ಬಾಯಿಯ ಬಳಿ ನಿಂತು ಚಪ್ಪಡಿ ಮುಚ್ಚಿಸುತ್ತಿದ್ದಳು. ಯುದ್ಧ ಮುಗಿಯಿತು, ಸೈನ್ಯಕ್ಕೆ ಹೋದವರಲ್ಲಿ ಬಹಳ ಜನ ತಿರುಗಿ ಬಂದರು. ತಮ್ಮನ ಆ ನಂಬರಿಗೆ ನಾನು ಈಗಲೂ ಬರೆಯುತ್ತೇನೆ.