ಯೋಬನ ಹತ್ತು ಮಕ್ಕಳು

ನಾನು ಚಿಕ್ಕವಳಿದ್ದಾಗ ಯೋಬನಿಗೆ ಹತ್ತು ಮಕ್ಕಳಿದ್ದರು. ಹತ್ತೂ ಬಟ್ಟೆಯ ಮಕ್ಕಳು. ಭದ್ರಾವತಿಯ ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಟೀಚರಮ್ಮ ಒಂದು ಹಲಗೆಗೆ ಜುಂಗು ಜುಂಗಾದ ಉಣ್ಣೆ ಬಟ್ಟೆ ಹೊದಿಸಿ ಇಟ್ಟಿದ್ದರು. ಬಟ್ಟೆಯಲ್ಲೇ ಕತ್ತರಿಸಿದ ಗೊಂಬೆಗಳನ್ನು ಅದರ ಮೇಲೆ ಒತ್ತಿದರೆ ಅಂಟಿಕೊಂಡು ನಿಲ್ಲುತ್ತಿದ್ದವು. ಸತ್ಯವೇದದ ದೊಡ್ಡ ದೊಡ್ಡವರನ್ನೆಲ್ಲ ನಾವು ಕಲಿತದ್ದು ಹಾಗೆ. ಗಡ್ಡದ ಗೊಂಬೆ ಒಂದೇ ಇತ್ತು. ಈ ಭಾನುವಾರ ಅದು ಹಡಗು ಕಟ್ಟಿದ ನೋಹ, ಮುಂದಿನ ಭಾನುವಾರ ಜನರನ್ನು ಗುಲಾಮಗಿರಿಯಿಂದ ಬಿಡಿಸಿದ ಮೋಶೆ. "ಟೀಚರಮ್ಮ, ನೋಹ ಇನ್ನೂ ಸತ್ತಿಲ್ವಾ?" ಅಂತ ಕೇಳಿ ನಾನು ತಲೆಗೆ ಮೊಟಕಿಸಿಕೊಂಡಿದ್ದೆ.

ಯೋಬನ ಕತೆ ಮರೆತಿದ್ದರೆ ಮತ್ತೆ ಹೇಳುತ್ತೇನೆ, ಮಕ್ಕಳೇ. ಅವನು ಒಳ್ಳೆಯ ಮನುಷ್ಯ, ದೇವರಿಗೆ ಹೆದರಿ ನಡೆದವನು. ಆದರೂ ಒಂದೇ ದಿನದಲ್ಲಿ ಅವನ ಎತ್ತು, ಕುರಿ, ಒಂಟೆ, ಮಕ್ಕಳು ಎಲ್ಲ ಹೋದವು. ಟೀಚರಮ್ಮ "ಬಿರುಗಾಳಿ ಬಂತು, ಮನೆ ಬಿತ್ತು" ಅನ್ನುತ್ತ ಹತ್ತು ಮಕ್ಕಳನ್ನೂ ಕೈಯಲ್ಲಿ ಬಾಚಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತುತ್ತಿದ್ದರು. ಯೋಬ ಒಬ್ಬನೇ ಬೂದಿಯಲ್ಲಿ ಕೂರುತ್ತಿದ್ದ. ಕತೆಯ ಕೊನೆಗೆ ದೇವರು ಅವನಿಗೆ ಮತ್ತೆ ಹತ್ತು ಮಕ್ಕಳನ್ನು ಕೊಟ್ಟ ಅಂತ ಹೇಳಿ, ಮುಚ್ಚಳ ತೆಗೆದು, ಅವೇ ಗೊಂಬೆಗಳನ್ನು ಸಾಲಾಗಿ ಅಂಟಿಸುತ್ತಿದ್ದರು. ಬೇರೆ ಗೊಂಬೆ ಇರಲಿಲ್ಲ, ಅಷ್ಟೇ. ಅದನ್ನು ನಮಗೆ ಯಾರೂ ಹೇಳಲಿಲ್ಲ.

ಎಲ್ಲರಿಗಿಂತ ಚಿಕ್ಕ ಗೊಂಬೆಗೆ ಕೆಂಪು ಅಂಗಿ. ನನ್ನ ತಮ್ಮನಿಗೂ ಕ್ರಿಸ್‌ಮಸ್ಸಿಗೆ ಅಂಥದ್ದೇ ಅಂಗಿ ಹೊಲಿಸಿದ್ದರು. ಜನವರಿಯಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋದ. ಅದೇ ಅಂಗಿ ಹಾಕಿ ಮಣ್ಣು ಮಾಡಿದರು. ಆಮೇಲೆ ಅಮ್ಮ ಒಲೆಯ ಮುಂದೆ ಕೂತರೆ ಅನ್ನ ಸೀದು ಹೊಗೆ ಎದ್ದರೂ ಏಳುತ್ತಿರಲಿಲ್ಲ. ನಾನು ಮಾತ್ರ ಅಳಲಿಲ್ಲ. ಮುಚ್ಚಳ ತೆಗೆಯುವುದನ್ನು ಕಣ್ಣಾರೆ ನೋಡಿದ್ದೆನಲ್ಲ.

ಆ ಏಪ್ರಿಲ್‌ನಲ್ಲಿ ನನ್ನ ಐದನೇ ಕ್ಲಾಸು ಮುಗಿಯಿತು. ಶಿವಮೊಗ್ಗದಲ್ಲಿ ಸತ್ಯವೇದ ಪರೀಕ್ಷೆ ಇತ್ತು. ಮೊದಲ ಇಬ್ಬರು ಹುಡುಗಿಯರಿಗೆ ಹಾಸ್ಟೆಲ್ ಸೀಟು. ಊಟ, ಪುಸ್ತಕ, ಹತ್ತನೇ ಕ್ಲಾಸಿನವರೆಗೆ ಓದು. ಅಪ್ಪ ಮುಚ್ಚುಮರೆ ಇಲ್ಲದೆ ಹೇಳಿದ್ದ: "ಸೀಟು ಸಿಕ್ಕಿದ್ರೆ ಓದು. ಸಿಗ್ಲಿಲ್ಲ ಅಂದ್ರೆ ಮನೆ ನೋಡ್ಕೊ. ಅಮ್ಮನ ಕೈಲಿ ಆಗಲ್ಲ." ಅಷ್ಟು ಹೇಳಿದವನೇ ತಾನು ದುಡಿಯುತ್ತಿದ್ದ ಕಬ್ಬಿಣದ ಕಾರ್ಖಾನೆಯಿಂದ ಹಳೇ ತಗಡು ತಂದು, ಎರಡು ಭಾನುವಾರ ಬಡಿದು ಬಡಿದು ನನಗೊಂದು ಟ್ರಂಕು ಮಾಡಿದ್ದ.

ಬಸ್ಸಿನಲ್ಲಿ ಮಲವಗೊಪ್ಪ ದಾಟುವವರೆಗೂ ಅಪ್ಪ ಪ್ರಶ್ನೆ ಕೇಳುತ್ತಲೇ ಇದ್ದ.

"ನೋಹನ ಹಡಗಲ್ಲಿ ಎಷ್ಟು ಜನ?"

"ಎಂಟು."

"ಕಂಡಕ್ಟರ್ ಸೇರಿನಾ?"

ಪಕ್ಕದಲ್ಲಿ ನಿಂತಿದ್ದ ಕಂಡಕ್ಟರ್ ನಕ್ಕ. "ಎಂಟೇ ಜನಕ್ಕೆ ಗಾಡಿ ಬಿಟ್ರೆ ನಮ್ ಡಿಪೋ ಮುಚ್ಚೋಗುತ್ತೆ ಮಾರಾಯ!" ತಮ್ಮ ಹೋದ ಮೇಲೆ ಅಪ್ಪ ನಕ್ಕಿದ್ದು ಅದೇ ಮೊದಲು.

ಪರೀಕ್ಷೆ ನಡೆದದ್ದು ದುರ್ಗಿಗುಡಿ ಬಡಾವಣೆಯ ಒಂದು ಹಾಲಿನಲ್ಲಿ. ಹೊಸ ಸುಣ್ಣದ ವಾಸನೆ, ಕಿರುಗುಟ್ಟುವ ಫ್ಯಾನು, ಬೆಂಚಿನ ತುಂಬ ಎಣ್ಣೆ ಹಚ್ಚಿ ಜಡೆ ಹಾಕಿದ ಹುಡುಗಿಯರು. ಪ್ರಶ್ನೆ ಕೇಳುವವರು ಅಲ್ಲಿಯ ಚರ್ಚಿನ ಪಾದ್ರಿ, ಅಯ್ಯನವರು. ಅಪ್ಪ ಕಿಟಕಿಯಾಚೆ ಸರಳು ಹಿಡಿದು ನಿಂತಿದ್ದ. ಆದಾಮ ಯಾಕೆ ತೋಟ ಬಿಡಬೇಕಾಯಿತು, ಅಬ್ರಹಾಮನಿಗೆ ದೇವರು ಏನು ಮಾತು ಕೊಟ್ಟ, ದಾವೀದ ಕವಣೆಗೆ ಎಷ್ಟು ಕಲ್ಲು ಆರಿಸಿಕೊಂಡ, ಎಲ್ಲಕ್ಕೂ ಪಟಪಟ ಹೇಳಿದೆ. ಒಂಬತ್ತಕ್ಕೆ ಒಂಬತ್ತೂ ಸರಿ. ಉಳಿದದ್ದು ಒಂದು.

"ಯೋಬನಿಗೆ ಕೊನೆಗೆ ಏನಾಯ್ತಮ್ಮ?"

"ಎಲ್ಲಾ ಎರಡರಷ್ಟು ಸಿಕ್ತು. ಸತ್ತೋಗಿದ್ದ ಮಕ್ಕಳು ವಾಪಸ್ ಬಂದ್ರು."

"ವಾಪಸ್ ಬಂದ್ರಾ? ಯಾರು ಹೇಳಿದ್ದು?"

"ನಾನೇ ನೋಡಿದೀನಿ."

ಹಾಲಿಗೆ ಹಾಲೇ ನಕ್ಕಿತು. "ಇವ್ಳು ಯೋಬನ ಮನೆ ಪಕ್ಕದಲ್ಲೇ ಇದ್ಲು ಕಣ್ರೇ" ಅಂದಳು ಹಿಂದಿನ ಬೆಂಚಿನವಳು. ಅಯ್ಯನವರು ನಗಲಿಲ್ಲ. ಕೆಟ್ಟವರಲ್ಲ ಅವರು. "ಮೊದಲಿನ ಮಕ್ಕಳು ಸತ್ತೇ ಹೋದ್ರಮ್ಮ. ಆಮೇಲೆ ಹುಟ್ಟಿದ್ದು ಬೇರೆ ಹತ್ತು ಮಕ್ಕಳು. ಇನ್ನೊಂದ್ಸಲ ಕೇಳ್ತೀನಿ, ಸರಿಯಾಗಿ ಹೇಳು. ಅವ್ರೇನಾ, ಬೇರೆಯವ್ರಾ?"

ಉತ್ತರವನ್ನು ಅವರೇ ಬಾಯಿಗೆ ಇಟ್ಟಿದ್ದರು. ನಾನು ನುಂಗಬೇಕಿತ್ತು, ಅಷ್ಟೇ. ಕಿಟಕಿಯಲ್ಲಿ ಅಪ್ಪ ಹೇಳು, ಹೇಳು ಅಂತ ತಲೆ ಆಡಿಸುತ್ತಿದ್ದ. ನನ್ನ ಕಣ್ಣ ಮುಂದೆ ಇದ್ದದ್ದು ಕೆಂಪು ಅಂಗಿ. ಬೇರೆಯವರು ಅಂತ ನಾನೇ ಹೇಳಿಬಿಟ್ಟರೆ ಮುಚ್ಚಳ ಮುಚ್ಚಿದ್ದು ಮುಚ್ಚಿದಂತೆಯೇ.

"ಅವ್ರೇ" ಅಂದೆ.

ಅಯ್ಯನವರು ಕಾಗದದ ಮೇಲೆ ಗೀಟು ಎಳೆದರು. ಇಬ್ಬರು ಹುಡುಗಿಯರಿಗೆ ಹತ್ತಕ್ಕೆ ಹತ್ತು ಬಂದಿತ್ತು. ಸೀಟು ಅವರಿಗೆ ಹೋಯಿತು. ನನಗೆ ಒಂದು ಲೋಟ ನಿಂಬೆ ಶರಬತ್ತು ಕೊಟ್ಟು ಕಳಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ರೇಗಿದ. "ಬೇರೆ ಮಕ್ಕಳು ಅಂದಿದ್ರೆ ನಿನ್ ಗಂಟೇನೇ ಹೋಗ್ತಿತ್ತು?"

"ಹಂಗಾದ್ರೆ ತಮ್ಮ?" ಅಂದೆ.

ಅಪ್ಪ ಕಿಟಕಿಯ ಕಡೆ ತಿರುಗಿದ. ಕಾರ್ಖಾನೆಯ ಹೊಗೆಯ ವಾಸನೆ ಬಸ್ಸಿನೊಳಗೆ ಬರುವವರೆಗೂ ಹೊರಗೇ ನೋಡುತ್ತಿದ್ದ. ಆಮೇಲೆ, ನನ್ನ ಕಡೆ ತಿರುಗದೆ, "ಅವ್ನು ಬರಲ್ಲ ಕಣೇ" ಅಂದ.

ಜೂನ್ ತಿಂಗಳಲ್ಲಿ ಬೇರೆ ಹುಡುಗಿಯರು ಶಾಲೆಗೆ ಹೋದರು. ನಾನು ಒಲೆಯ ಮುಂದೆ ಕೂತೆ. ಟ್ರಂಕಿಗೆ ಅಕ್ಕಿ ತುಂಬಿದೆವು. ಓದು ನಿಂತ ಹುಡುಗಿಗೆ ಮದುವೆ ಬೇಗ, ಮಕ್ಕಳು ಬೇಗ, ಮೊಮ್ಮಕ್ಕಳೂ ಬೇಗ. ಅದಕ್ಕೇ ನಿಮ್ಮ ಅಜ್ಜಿಯ ತಲೆ ಇನ್ನೂ ಪೂರ್ತಿ ನೆರೆತಿಲ್ಲ. ಹಠ ಮಾಡಿದ್ದಕ್ಕೆ ಏನಾದರೂ ಒಳ್ಳೆಯದಾಯಿತಾ ಅಂತ ಕೇಳಬೇಡಿ. ಆಗಲಿಲ್ಲ. ಅಮ್ಮ ಕೊನೆಯವರೆಗೂ ಹಾಗೇ ಇದ್ದಳು.

ನಿಮಗೆ ಬಟ್ಟೆಯ ಗೊಂಬೆ ಬೇಕಿಲ್ಲ. ಮನೆ ಬಾಗಿಲಿಗೇ ಶಾಲೆಯ ವ್ಯಾನು ಬರುತ್ತದೆ, ಸತ್ಯವೇದದ ಕತೆ ಫೋನಿನಲ್ಲಿ ಬಣ್ಣಬಣ್ಣವಾಗಿ ಕುಣಿಯುತ್ತದೆ. ಮೊನ್ನೆ ನೀವು ಯೋಬನ ಕತೆ ಹಾಕಿದಾಗ ನಾನೂ ಹಿಂದೆ ನಿಂತು ನೋಡಿದೆ. ಅದರಲ್ಲಿ ಗಡ್ಡದವರು ಒಬ್ಬೊಬ್ಬರೂ ಬೇರೆ ಬೇರೆ. ಮನೆ ಬಿತ್ತು, ಹತ್ತು ಮಕ್ಕಳು ಹೋದರು. ಕೊನೆಗೆ ಬಂದ ಹತ್ತು ಮುಖಗಳೂ ಹೊಸವು. ಸರಿಯಾಗಿಯೇ ತೋರಿಸಿದ್ದಾರೆ. ನೀವು ಚಪ್ಪಾಳೆ ತಟ್ಟಿ ಮುಂದಿನ ಕತೆಗೆ ಹೋಗುವಷ್ಟರಲ್ಲಿ, ಫೋನು ಕಿತ್ತುಕೊಂಡು ನಾನು ಆ ಸಾಲನ್ನು ಮತ್ತೊಮ್ಮೆ ಒಂದು ಕಡೆಯಿಂದ ನೋಡಿದೆ. ಕೆಂಪು ಅಂಗಿ ಇರಲಿಲ್ಲ.